ಶಾಲೆ ತೆರೆಯುವ ಮುನ್ನ ನಮಗೆ ಓದಲು ಎರಡು ದಿನ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ಶಿಕ್ಷಕರ ತರಬೇತಿಯ ಹೊಣೆ ಹೊತ್ತಿರುವ ಎಲ್ಲ ಹಿರಿಯ ಅಧಿಕಾರಿಗಳಿಗೆ,

ಗೌರವಪೂರ್ವಕ ವಂದನೆಗಳು.

ನಾನು ಉತ್ತರ ಕರ್ನಾಟಕದ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿಕ್ಕ ಮಕ್ಕಳು ಕಾರ್ಡುಗಳೊಂದಿಗೆ ಆಡುತ್ತ ಕಲಿಯುವ ನಲಿ-ಕಲಿ ತರಗತಿಯಿಂದ ಹಿಡಿದು ಏಳನೇ ತರಗತಿಯ ಗಣಿತದವರೆಗೆ ಪಾಠ ಮಾಡಿದವಳು. ಸಂಬಳ, ವರ್ಗಾವಣೆ, ಪಿಂಚಣಿಯ ಮಾತೆತ್ತಲು ಈ ಪತ್ರ ಬರೆಯುತ್ತಿಲ್ಲ, ಅವನ್ನು ಕೇಳಲು ಸಂಘಗಳಿವೆ. ಸಂಘಗಳ ಮನವಿಯಲ್ಲಿ ನಾನು ಎಂದೂ ಕಾಣದ, ಶಾಲೆಯ ವಾರ್ಷಿಕ ಕ್ರಿಯಾ ಯೋಜನೆಯಲ್ಲೂ ಜಾಗ ಸಿಗದ ಒಂದು ಬೇಡಿಕೆ ನನ್ನದು. ಶೈಕ್ಷಣಿಕ ವರ್ಷ ಶುರುವಾಗುವ ಹೊತ್ತಿಗೆ, ಮಕ್ಕಳು ತರಗತಿಗೆ ಬಂದು ಕೂರುವ ಮೊದಲು, ನಾವು ನಮ್ಮ ಕೆಲಸದ ಬಗ್ಗೆ ಓದಬೇಕು. ಅದಕ್ಕೆ ಸಮಯ ಬೇಕು, ಪುಸ್ತಕ ಬೇಕು, ಓದಿದ್ದನ್ನು ನಾಲ್ಕು ಜನ ಕೂತು ಮಾತಾಡಿಕೊಳ್ಳುವ ಅವಕಾಶ ಬೇಕು.

ಮೇ ತಿಂಗಳ ಕೊನೆಯ ಆ ದಿನಗಳು ಹೇಗಿರುತ್ತವೆ ಎಂದು ತಮಗೆ ಕಡತಗಳಿಂದ ಗೊತ್ತಿದೆ. ನಾನು ಕಂಡಂತೆ ಒಮ್ಮೆ ಹೇಳುತ್ತೇನೆ. ಇತ್ತೀಚಿನ ವರ್ಷಗಳಲ್ಲಿ 29ರ ಸುಮಾರಿಗೆ ನಾವು ಶಾಲೆಗೆ ಹಾಜರಾಗುತ್ತೇವೆ. ಬೀಗ ತೆಗೆದರೆ ಕೋಣೆಯ ತುಂಬ ಇಡೀ ಬೇಸಿಗೆ ರಜೆಯ ದೂಳು. ನೀರಿನ ತೊಟ್ಟಿ ತೊಳೆಸಬೇಕು, ಅಡುಗೆ ಕೋಣೆಯ ಅಕ್ಕಿ-ಬೇಳೆಗೆ ಹುಳು ಬಿದ್ದಿದೆಯೇ ನೋಡಬೇಕು, ಗ್ಯಾಸ್ ಸಿಲಿಂಡರ್ ತರಿಸಬೇಕು. ನೋಡಲ್ ಕೇಂದ್ರಕ್ಕೆ ಗಾಡಿ ಮಾಡಿಕೊಂಡು ಹೋಗಿ ಪಠ್ಯಪುಸ್ತಕ ತಂದು ಎಣಿಸಬೇಕು. ಸಮವಸ್ತ್ರ ಬಂದಿದ್ದರೆ ಅದನ್ನೂ ಎಣಿಸಬೇಕು. ದಾಖಲಾತಿ ಆಂದೋಲನಕ್ಕೆ ಮನೆ ಮನೆ ತಿರುಗಬೇಕು. ಪ್ರಾರಂಭೋತ್ಸವಕ್ಕೆ ಮಾವಿನ ತೋರಣ, ಸಿಹಿ, ಫೋಟೊ, ವರದಿ. ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳನ್ನು ಮುಂದಿನ ತರಗತಿಗೆ ಏರಿಸುವ ಕೆಲಸ ಬೇರೆ. ಅಷ್ಟರಲ್ಲಿ ಮಕ್ಕಳು ಬಂದಿರುತ್ತಾರೆ, ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧ ಶುರುವಾಗಿರುತ್ತದೆ.

ಇವುಗಳಲ್ಲಿ ಯಾವುದೂ ಬೇಡದ ಕೆಲಸವಲ್ಲ. ಮಗು ಬಂದಾಗ ಕುಡಿಯಲು ಶುದ್ಧ ನೀರಿರಬೇಕು, ಕೈಗೆ ಹೊಸ ಪುಸ್ತಕ ಸಿಗಬೇಕು. ಆದರೆ ಇಡೀ ಪಟ್ಟಿಯಲ್ಲಿ ಶಿಕ್ಷಕರು ಶಿಕ್ಷಕರಾಗಿ ತಯಾರಾಗುವ ಕೆಲಸ ಒಂದೂ ಇಲ್ಲ. ವೇಳಾಪಟ್ಟಿ ಮತ್ತು ಕ್ರಿಯಾ ಯೋಜನೆ ಬರೆಯುವುದನ್ನು ತಯಾರಿ ಎಂದು ಕರೆಯುತ್ತೇವೆ. ನಿಜವಾಗಿ ನೋಡಿದರೆ ಹಿಂದಿನ ವರ್ಷದ ವಹಿಯಲ್ಲಿದ್ದದ್ದೇ ಹೊಸ ವಹಿಗೆ ಇಳಿಯುತ್ತದೆ, ಏಕೆಂದರೆ ಹೊಸದಾಗಿ ಯೋಚಿಸಲು ಬೇಕಾದ ಸಾಮಗ್ರಿ ಯಾರ ಕೈಯಲ್ಲೂ ಇರುವುದಿಲ್ಲ. ಜೂನ್‌ನಲ್ಲಿ ನಾವು ಓದುವುದೆಂದರೆ ಸುತ್ತೋಲೆಗಳನ್ನು. ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದಕ್ಕೆ ಸಂಜೆಯೊಳಗೆ ಮಾಹಿತಿ ಕಳಿಸಬೇಕು. ಹೀಗೆ ವರ್ಷಗಟ್ಟಲೆ ಆದೇಶಗಳನ್ನಷ್ಟೇ ಓದಿದವರು, ಮಗು ಹೇಗೆ ಕಲಿಯುತ್ತದೆ ಎಂಬ ವಿಷಯವನ್ನೂ ಆದೇಶದ ಧಾಟಿಯಲ್ಲೇ ನೋಡಲು ಶುರು ಮಾಡುತ್ತಾರೆ. ಇದನ್ನು ನಾನು ನನ್ನ ಸುತ್ತ ಕಂಡಿದ್ದೇನೆ, ಕಂಡು ನೊಂದಿದ್ದೇನೆ.

ಓದಿದರೆ ಏನು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಒಂದನೇ ತರಗತಿಯಿಂದಲೇ ಉದಾಹರಣೆ ಕೊಡುತ್ತೇನೆ.

ನಲಿ-ಕಲಿಯಲ್ಲಿ ಕನ್ನಡ ಕಲಿಕೆ ‘ರ ಗ ಸ ದ ಅ’ ಎಂದು ಶುರುವಾಗುವುದು ತಮಗೆ ಗೊತ್ತು. ಒಂದು ಜೂನ್‌ನಲ್ಲಿ ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ಡಿ.ಇಡಿ ಮುಗಿಸಿದ್ದ, ಮಕ್ಕಳೆಂದರೆ ಜೀವ ಬಿಡುವ ಹುಡುಗಿ. ಅವರ ಕೈಗೆ ಹಾಜರಿ ಪುಸ್ತಕ, ಸೀಮೆಸುಣ್ಣ, ಕಾರ್ಡುಗಳ ಪೆಟ್ಟಿಗೆ ಸಿಕ್ಕಿತು, ತರಬೇತಿ ಸಿಗಲಿಲ್ಲ. ಅತಿಥಿ ಶಿಕ್ಷಕರಿಗೆ ಅದು ಸಿಗುವುದು ಅಪರೂಪ. ವಾರ ಕಳೆಯುವಷ್ಟರಲ್ಲಿ ಒಬ್ಬ ತಂದೆ ಬಂದು, ‘ಏನ್ರಿ ಅಕ್ಕೋರ, ನನ್ನ ಮಗಳಿಗೆ ಅ ಆ ಇ ಈ ಸೈತ ಬರಂಗಿಲ್ಲ. ರ ಅಂತ, ಗ ಅಂತ. ಇದೆಂಥಾ ಸಾಲಿ?’ ಎಂದು ಕೇಳಿದರು. ಆಕೆಯ ಬಳಿ ಉತ್ತರವಿರಲಿಲ್ಲ. ಮರುದಿನ ಗೋಡೆಗೆ ವರ್ಣಮಾಲೆಯ ಚಾರ್ಟ್ ಬಂತು, ಮಕ್ಕಳು 49 ಅಕ್ಷರಗಳನ್ನೂ ರಾಗವಾಗಿ ಕೂಗತೊಡಗಿದರು. ಯಾವ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರೂ ಮೊದಲಿನಿಂದ ಹೇಳಿಕೊಂಡು ಬಂದೇ ಅದನ್ನು ಮುಟ್ಟುತ್ತಿದ್ದರು.

ನನ್ನ ಹತ್ತಿರ ಹಳೆಯ ತರಬೇತಿಯ ಕಾಲದ ಒಂದು ಪುಸ್ತಕವಿತ್ತು. ಭಾಷಾ ಕಲಿಕೆಯ ಅಧ್ಯಾಯವನ್ನು ಆಕೆಗೆ ಕೊಟ್ಟೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಓದಿದೆವು. ಅಕ್ಷರಗಳ ಆ ಸರದಿಯ ಹಿಂದೆ ಒಂದು ಯೋಚನೆಯಿದೆ. ಮೊದಲ ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಗರಗಸ ಎಂದು ಪದಗಳನ್ನೇ ಓದಬಲ್ಲದು. ಮುಂದಿನ ಗುಂಪಿನ ಜ ವ ಮ ಬ ನ ಸೇರಿದರೆ ಮರ, ಮನ, ಜನ, ಬಸವ. ಒತ್ತಕ್ಷರವೂ ಬೇಡ, ಗುಣಿತವೂ ಬೇಡ. ಓದು ಎಂದರೆ ಅರ್ಥ ಎಂಬುದು ಮಗುವಿಗೆ ಮೊದಲ ತಿಂಗಳಲ್ಲೇ ತಿಳಿಯುತ್ತದೆ. ಇದನ್ನು ಓದಿದ ಮೇಲೆ ಆಕೆ ಚಾರ್ಟ್ ತೆಗೆಯಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ. ಆದರೆ ಆ ತಂದೆಯನ್ನು ಕರೆಸಿ ಮಗಳ ಕೈಯಲ್ಲಿ ‘ಅರಸ’ ಎಂದು ಓದಿಸಿದರು. ಯಾವ ಕಾರ್ಡ್ ಏಕೆ ಆ ಜಾಗದಲ್ಲಿದೆ ಎಂದು ಪ್ರತಿಯೊಂದಕ್ಕೂ ಕಾರಣ ಹುಡುಕಲು ಶುರು ಮಾಡಿದರು. ಅದೇ ಪೆಟ್ಟಿಗೆ, ಅವೇ ಕಾರ್ಡುಗಳು. ನಡುವೆ ಬಂದದ್ದು ಕೆಲವು ಪುಟಗಳ ಓದು ಮಾತ್ರ.

ಆ ಪುಟಗಳು ಆಕೆಗೆ ಸಿಕ್ಕಿದ್ದು ನನ್ನ ಮನೆಯ ಕಪಾಟಿನಲ್ಲಿ ಅವು ಇದ್ದ ಕಾರಣಕ್ಕೆ. ಇಲಾಖೆ ಕೊಟ್ಟದ್ದಲ್ಲ. ಒಬ್ಬಳ ಕಪಾಟಿನ ಮೇಲೆ ಒಂದನೇ ತರಗತಿಯ ಮಕ್ಕಳ ವರ್ಷ ನಿಲ್ಲಬಾರದು ಎಂಬುದೇ ನನ್ನ ಅಹವಾಲು.

ಸೇತುಬಂಧದ ವಿಷಯವೂ ಹೀಗೆಯೇ. ಜೂನ್ ಮೊದಲ ವಾರಗಳಲ್ಲಿ ನೈದಾನಿಕ ಪರೀಕ್ಷೆ ಮಾಡುತ್ತೇವೆ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡಿ ದಾಖಲೆ ಇಡುತ್ತೇವೆ. ಮಗು ಯಾವ ಸಾಮರ್ಥ್ಯದಲ್ಲಿ ಹಿಂದಿದೆ ಎಂದು ನಮೂನೆಯಲ್ಲಿ ಗುರುತು ಹಾಕುತ್ತೇವೆ. ಏಕೆ ಹಿಂದಿದೆ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ, ಇದ್ದರೂ ಬರೆಯಲು ಬಹುಪಾಲು ಶಿಕ್ಷಕರಿಗೆ ದಾರಿ ಗೊತ್ತಿಲ್ಲ. ಐದನೇ ತರಗತಿಯ ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಬರೆದಿದ್ದ. ‘ದಶಕ ಸಹಿತ ವ್ಯವಕಲನ ಬಂದಿಲ್ಲ’ ಎಂದು ಗುರುತು ಹಾಕಿದರೆ ದಾಖಲೆ ಮುಗಿಯಿತು. ಮಕ್ಕಳ ತಪ್ಪುಗಳ ಬಗ್ಗೆ ಒಂದಿಷ್ಟು ಓದಿಕೊಂಡಿದ್ದ ನಮ್ಮ ಹಿರಿಯ ಸಹೋದ್ಯೋಗಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೇಗೆ ಮಾಡಿದೆ ಹೇಳು ಎಂದರು. ‘ದೊಡ್ಡದ್ರಾಗ ಸಣ್ಣದ ಕಳೀಬೇಕಲ್ರಿ ಸರ್, ಏಳರಾಗ ಎರಡ ಹೋದ್ರ ಐದು’ ಎಂದ. ಆ ಹುಡುಗ ಎಡವಟ್ಟಾಗಿ ಬರೆದಿರಲಿಲ್ಲ. ಎರಡನೇ ತರಗತಿಯಲ್ಲಿ ಯಾರೋ ಹೇಳಿದ ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂಬ ಮಾತನ್ನು ನಿಷ್ಠೆಯಿಂದ ಪಾಲಿಸಿದ್ದ. ಅವನಿಗೆ ಬೇಕಾದದ್ದು ಇನ್ನೂ ಹತ್ತು ಲೆಕ್ಕಗಳಲ್ಲ, ಹತ್ತರ ಕಟ್ಟು ಬಿಚ್ಚಿ ಬಿಡಿಗಳನ್ನು ಕೈಯಲ್ಲಿ ಹಿಡಿದು ನೋಡುವುದು. ಕಡ್ಡಿಗಳ ಕಟ್ಟು ತಂದು ಕೂತರು. ಒಂದೇ ಮಧ್ಯಾಹ್ನಕ್ಕೆ ಸರಿಹೋಯಿತು ಎಂದು ಹೇಳಲಾರೆ, ಆದರೆ ಆ ತಿಂಗಳು ಕಳೆಯುವಷ್ಟರಲ್ಲಿ ಅವನು ತನ್ನ ಲೆಕ್ಕ ತಾನೇ ತಿದ್ದಿಕೊಳ್ಳುತ್ತಿದ್ದ.

ಪರೀಕ್ಷೆಯಿಂದ ಮಗುವಿನ ಕಷ್ಟ ತಿಳಿಯಬೇಕಾದರೆ ಪರೀಕ್ಷೆ ಮಾಡುವವರು ಅದಕ್ಕೆ ಮೊದಲೇ ಓದಿಕೊಂಡಿರಬೇಕು. ಆಗಸ್ಟ್‌ನಲ್ಲಿ ತರಬೇತಿ ಕೊಟ್ಟರೆ ಜೂನ್‌ನ ಪರೀಕ್ಷೆಗೆ ಉಪಯೋಗವಿಲ್ಲ. ಹಾಗಾಗಿ ವರ್ಷದ ಆರಂಭ ಎಂದು ಒತ್ತಿ ಹೇಳುತ್ತಿದ್ದೇನೆ.

ಕಾನೂನಿನ ಮಾತಿಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ವಾರದ ಕೆಲಸ ಕನಿಷ್ಠ 45 ಗಂಟೆ ಎಂದಿದೆ, ಆ ಲೆಕ್ಕದಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ ಎಂದೂ ಇದೆ. ಅಂದರೆ ತಯಾರಿ ಎಂಬುದು ನಾವು ರಾತ್ರಿ ಮನೆಯಲ್ಲಿ ಅಡುಗೆ ಮುಗಿಸಿದ ಮೇಲೆ ಮಾಡುವ ಉಪಕಾರವಲ್ಲ, ಅದು ಕೆಲಸದ ವೇಳೆ. ಅದೇ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕಗಳಿರಬೇಕು ಎನ್ನುತ್ತದೆ. 27ನೇ ಪ್ರಕರಣ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ನಮ್ಮನ್ನು ಹಚ್ಚಬಾರದು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಯನ್ನು ವೃತ್ತಿ ಬೆಳವಣಿಗೆಗೆ ಕೊಡಬೇಕು, ಅದು ಅವರವರ ಆಸಕ್ತಿಯಿಂದ ನಡೆಯಬೇಕು ಎಂದಿತು. ಆ ನೀತಿಯ ಬಗ್ಗೆ ರಾಜ್ಯಕ್ಕೆ ಏನೇ ತಕರಾರಿದ್ದರೂ ಈ ಒಂದು ಮಾತಿನ ಬಗ್ಗೆ ಇರಲಾರದು. ಆದರೆ 50 ಗಂಟೆಯ ಲೆಕ್ಕಕ್ಕೆ ತರಬೇತಿ ಶಿಬಿರ ಬರುತ್ತದೆ, ಮೊಬೈಲಿನ ಕೋರ್ಸ್ ಬರುತ್ತದೆ. ಪುಸ್ತಕ ಓದಿದ್ದು ಬರುವುದಿಲ್ಲ. ಏಕೆ?

ಮೊಬೈಲಿನ ಕೋರ್ಸುಗಳ ಬಗ್ಗೆಯೂ ಒಂದು ಮಾತು. 2019ರಲ್ಲಿ ಕೇಂದ್ರದ ಶಿಕ್ಷಕರ ತರಬೇತಿ ಕಾರ್ಯಕ್ರಮ ನಿಷ್ಠಾ ಶುರುವಾಯಿತು, ಕೋವಿಡ್ ಕಾಲದಲ್ಲಿ ಅದು ದೀಕ್ಷಾ ಎಂಬ ಆನ್‌ಲೈನ್ ವೇದಿಕೆಗೆ ಹೋಯಿತು. ಅವುಗಳಲ್ಲಿ ಒಳ್ಳೆಯ ಸಂಗತಿಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಇಂತಿಷ್ಟು ದಿನದೊಳಗೆ ಎಲ್ಲರೂ ಮುಗಿಸಬೇಕು, ಮುಗಿಸದವರ ಪಟ್ಟಿ ತಾಲ್ಲೂಕಿನ ಗುಂಪಿಗೆ ಬರುತ್ತದೆ ಎಂದಾಗ ಏನಾಗುತ್ತದೆ? ಒಂದು ಕಡೆ ವಿಡಿಯೊ ಓಡುತ್ತಿರುತ್ತದೆ, ಇನ್ನೊಂದು ಕಡೆ ಬಿಸಿಯೂಟದ ವಹಿಯಲ್ಲಿ ಮೊಟ್ಟೆಯ ಲೆಕ್ಕ ಬರೆಯುತ್ತಿರುತ್ತೇವೆ. ಪ್ರಮಾಣಪತ್ರ ಬರುತ್ತದೆ, ಕಲಿಕೆ ಆಗುವುದಿಲ್ಲ. ಇದರಲ್ಲಿ ಶಿಕ್ಷಕರನ್ನು ದೂರುವುದು ಸುಲಭ. ಪುಸ್ತಕವಾದರೆ ನಿಲ್ಲಿಸಿ ಓದಬಹುದು, ಹಿಂದಿನ ಪುಟಕ್ಕೆ ಹೋಗಬಹುದು, ಅಂಚಿನಲ್ಲಿ ‘ನಮ್ಮ ಮೂರನೇ ತರಗತಿಯ ಲಂಬಾಣಿ ಮಕ್ಕಳಿಗೆ ಇದು ಹೊಂದುತ್ತದೆಯೇ?’ ಎಂದು ಬರೆದಿಡಬಹುದು, ನೆಟ್‌ವರ್ಕ್ ಸಿಗದ ತಾಂಡಾದಲ್ಲೂ ತೆರೆಯಬಹುದು. ಗುರುಚೇತನ ಕಾರ್ಯಕ್ರಮದಲ್ಲಿ ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳುವ ಅವಕಾಶವಿತ್ತು. ಇಲಾಖೆಯೇ ಯೋಚಿಸಿ ರೂಪಿಸಿದ ಆ ಒಳ್ಳೆಯ ತತ್ವವನ್ನು ಓದಿಗೂ ತನ್ನಿ ಎಂದಷ್ಟೇ ಕೇಳುತ್ತಿದ್ದೇನೆ.

ಪುಸ್ತಕಗಳಿಲ್ಲವೇ ಎಂದರೆ, ಇವೆ. ಅದೇ ಹೆಚ್ಚು ಸಂಕಟದ ವಿಷಯ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಸುತ್ತಲಿನ ಹಲವು ಶಾಲೆಗಳಿಗೆ ಸೇರಿದ ಒಂದು ಕ್ಲಸ್ಟರ್ ಕೇಂದ್ರದಲ್ಲಿ ನಾನು ನೋಡಿದ ಕಪಾಟಿನ ಚಿತ್ರ ಕೊಡುತ್ತೇನೆ. ಕಬ್ಬಿಣದ ಕಪಾಟು, ಹಿಡಿಕೆಗೆ ಸುತ್ತಿದ ಸರಪಳಿ, ಅದಕ್ಕೊಂದು ಬೀಗ. ಬೀಗ ತೆಗೆಸಿದಾಗ ಒಳಗೆ ಪುಸ್ತಕಗಳು ಬಂದ ಕಟ್ಟಿನಲ್ಲೇ ಇದ್ದವು. ಎಷ್ಟೋ ಪುಸ್ತಕಗಳ ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿರಲಿಲ್ಲ. ಮೊದಲ ಪುಟದಲ್ಲಿ ದಾಸ್ತಾನು ವಹಿಯ ಕ್ರಮಸಂಖ್ಯೆ, ಮೊಹರು, ದಿನಾಂಕ ಅಚ್ಚುಕಟ್ಟಾಗಿದ್ದವು. ವಿತರಣಾ ವಹಿಯ ಪುಟಗಳು ಖಾಲಿ. ನಾನು ಎರಡು ಪುಸ್ತಕ ಕೇಳಿದೆ. ಅಲ್ಲಿನ ಮುಖ್ಯ ಶಿಕ್ಷಕರು ಕೆಟ್ಟವರಲ್ಲ, ಓದಿನ ಬೆಲೆ ತಿಳಿಯದವರೂ ಅಲ್ಲ. ‘ಟೀಚರ್, ಇಲ್ಲೇ ಕೂತು ಎಷ್ಟು ಬೇಕಾದರೂ ಓದಿ. ಮನೆಗೆ ಕೊಟ್ಟು ಒಂದು ಪುಸ್ತಕ ಕಡಿಮೆಯಾದರೆ ಚಾರ್ಜ್ ಕೊಡುವಾಗ ನನ್ನ ಬೇಬಾಕಿ ಪ್ರಮಾಣಪತ್ರ ನಿಲ್ಲುತ್ತೆ. ನಿವೃತ್ತಿಗೆ ಹತ್ತಿರ ಬಂದಿದ್ದೀನಿ’ ಎಂದರು. ಅವರ ಭಯ ನಿಜವಾದ ಭಯ. ಕಳೆದುಹೋದ ಪುಸ್ತಕಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಹಣ ಅವರಿಂದ ವಸೂಲಾಗುತ್ತದೆ. ಯಾರೂ ಓದದೆ ಗೆದ್ದಲು ಹತ್ತಿದ ಪುಸ್ತಕಕ್ಕೆ ಯಾವ ಆಕ್ಷೇಪಣೆಯೂ ಬರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೇ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋಗುವುದನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಲಾಗಿದೆ. ಇಂಥದೇ ಒಂದು ಸ್ಪಷ್ಟ ಆದೇಶ ನಮ್ಮ ಶಾಲೆ ಮತ್ತು ಕ್ಲಸ್ಟರ್ ಕೇಂದ್ರಗಳ ಕೈಗೂ ಬರಲಿ. ಮಕ್ಕಳ, ಶಿಕ್ಷಕರ ಕೈಯಲ್ಲಿ ಓಡಾಡುವ ಪುಸ್ತಕ ಹರಿಯುವುದು ಹೆಚ್ಚು, ಹಾಗಾಗಿ ಪ್ರಮಾಣವೂ ಸ್ವಲ್ಪ ಉದಾರವಾಗಿರಲಿ. ಹರಿದ, ಕಳೆದ ಪುಸ್ತಕವನ್ನು ವಹಿಯಿಂದ ತೆಗೆದುಹಾಕುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೇ ಕೊಡಿ. ಒಂದು ಪುಟದ ಆದೇಶದಿಂದ ರಾಜ್ಯದ ಎಷ್ಟೋ ಕಪಾಟುಗಳ ಬೀಗ ತೆರೆಯುತ್ತದೆ. ಈ ಪತ್ರದಲ್ಲಿ ನಾನು ಕೇಳುವ ಎಲ್ಲವುಗಳ ಪೈಕಿ ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಶಿಕ್ಷಕರಿಗಾಗಿ ಓದು ಎಂಬುದು ಹೊಸ ಮಾತೇನಲ್ಲ. ಮುಂಬೈ ಪ್ರಾಂತ್ಯದ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲೇ, ನಮ್ಮ ಭಾಗದ ಕನ್ನಡ ಶಾಲೆಗಳ ಮಾಸ್ತರರಿಗಾಗಿ ‘ಮಠಪತ್ರಿಕೆ’ ಬರುತ್ತಿತ್ತು. ಆ ಕಾಲದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪ, ಬರಹಗಾರ ವೆಂಕಟ ರಂಗೋ ಕಟ್ಟಿ ಅವರಂಥವರು ಅಂಥ ಕೆಲಸಕ್ಕೆ ದುಡಿದರು. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು. ಅದೇ ಪರಂಪರೆಯಲ್ಲಿ ಬಂದ ‘ಜೀವನ ಶಿಕ್ಷಣ’ವನ್ನು ಧಾರವಾಡ, ಬೆಳಗಾವಿ ಕಡೆಯ ಹಿರಿಯ ಶಿಕ್ಷಕರು ಇಂದಿಗೂ ನೆನೆಯುತ್ತಾರೆ. ಕನ್ನಡ ಶಾಲೆಗಳು ಇಂದಿಗಿಂತ ಬಹಳ ಕಡಿಮೆಯಿದ್ದ ಕಾಲದಲ್ಲಿ, ಮಾಸ್ತರನ ಕೈಗೆ ಓದಲು ಏನಾದರೂ ತಲುಪಬೇಕು ಎಂದು ಆಡಳಿತಕ್ಕೆ ಅನ್ನಿಸಿತ್ತು.

ನಲಿ-ಕಲಿಯ ಹುಟ್ಟನ್ನೇ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಾಗ ಬೆಂಗಳೂರಿನಿಂದ ತಯಾರಾಗಿ ಬಂದ ಪೆಟ್ಟಿಗೆಯಾಗಿರಲಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿಗೆ ಹೋದರು, ಅಲ್ಲಿನ ಏಕೋಪಾಧ್ಯಾಯ ಶಾಲೆಗಳನ್ನು ನೋಡಿದರು, ಮರಳಿ ಬಂದು ಯೂನಿಸೆಫ್ ನೆರವಿನಲ್ಲಿ ತಮ್ಮ ಕಾರ್ಡುಗಳನ್ನು ತಾವೇ ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಆದರೆ ಬಂದದ್ದು ಕಾರ್ಡು ಮತ್ತು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ. ಆ ಮೊದಲ ಶಿಕ್ಷಕರು ನೋಡಿದ್ದು, ಚರ್ಚಿಸಿದ್ದು, ಯೋಚಿಸಿದ್ದು ನಮಗೆ ತಲುಪಲಿಲ್ಲ. ಅದು ತಲುಪುವ ದಾರಿ ಇಂದಿಗೂ ಒಂದೇ, ಬರಹದ ಮೂಲಕ.

ಶಿಕ್ಷಕರು ಓದುವುದಿಲ್ಲ, ಸಮಯ ಕೊಟ್ಟರೆ ಹರಟೆಯಲ್ಲಿ ಕಳೆಯುತ್ತಾರೆ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ನಮಗೆ ಓದಲು ಕೊಟ್ಟು ನೋಡಿದವರು ಯಾರು? ತಿಂಗಳಿಗೊಮ್ಮೆ ನಡೆಯುವ ಸಮಾಲೋಚನಾ ಸಭೆ ಇರುವುದೇ ಇದಕ್ಕೆ. ಕ್ಲಸ್ಟರ್‌ನ ಶಿಕ್ಷಕರು ಕೂತು ಪಾಠದ ಕಷ್ಟ ಸುಖ ಮಾತಾಡಬೇಕು ಎಂಬುದು ಅದರ ಉದ್ದೇಶ. ಈಗ ಅಲ್ಲಿ ಅಂಕಿ ಅಂಶ ಒಪ್ಪಿಸುವುದು, ನಮೂನೆ ತುಂಬುವುದು ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಕ್ಲಸ್ಟರ್‌ನ ಶಾಲೆಗಳಿಗೆ ಮಾರ್ಗದರ್ಶನ ಮಾಡಬೇಕಾದ ಸಿಆರ್‌ಪಿಗಳೂ ಪಾಪ, ಮಾಹಿತಿ ಸಂಗ್ರಹದ ನಡುವೆ ಸಿಕ್ಕಿಬಿದ್ದಿದ್ದಾರೆ. ಒಮ್ಮೆ ಮಾತ್ರ ಒಬ್ಬ ಸಿಆರ್‌ಪಿ ಧೈರ್ಯ ಮಾಡಿ, ಮಾಹಿತಿಯನ್ನು ಮೊದಲೇ ತರಿಸಿಕೊಂಡು, ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದ ಆರಂಭದ ಪುಟಗಳನ್ನು ಸಭೆಯಲ್ಲಿ ಓದಿಸಿದರು. ಗುಜರಾತಿಯಲ್ಲಿ 1930ರ ದಶಕದಲ್ಲಿ ಬಂದು ದೇಶದ ಹಲವು ಭಾಷೆಗಳಿಗೆ ಹೋದ ಪುಸ್ತಕ ಅದು. ಒಬ್ಬ ಶಿಕ್ಷಕ ಶಿಕ್ಷಣಾಧಿಕಾರಿಯ ಬಳಿ ಹೋಗಿ, ನಾಲ್ಕನೇ ತರಗತಿಯೊಂದನ್ನು ಒಂದು ವರ್ಷ ನನ್ನ ಕೈಗೆ ಕೊಡಿ ಎಂದು ಕೇಳುತ್ತಾನೆ, ಮೊದಲ ದಿನಗಳ ಗದ್ದಲವನ್ನು ಕಥೆ ಹೇಳಿ ಗೆಲ್ಲುತ್ತಾನೆ. ಆ ದಿನ ನಮ್ಮ ಸಭೆಯಲ್ಲಿ ಎಂದೂ ಬಾಯಿ ಬಿಡದವರು ಮಾತಾಡಿದರು. ‘ಕಥಿ ಹೇಳಿದ್ರ ಸಿಲೆಬಸ್ ಯಾರು ಮುಗಸ್ತಾರ್ರಿ?’ ಎಂದು ಒಬ್ಬರು ಜಗಳಕ್ಕೇ ನಿಂತರು. ಆ ಜಗಳ ಬಸ್ ಸ್ಟಾಪಿನವರೆಗೂ ಹೋಯಿತು. ಶಿಕ್ಷಕರ ವೃತ್ತಿ ಬೆಳವಣಿಗೆ ಎಂದರೆ ನನ್ನ ಕಣ್ಣಿಗೆ ಅದೇ.

ಹಾಗಾಗಿ ನನ್ನ ಮನವಿ ಇದು.

ಮಕ್ಕಳು ಬರುವ ಮೊದಲಿನ ದಿನಗಳಲ್ಲಿ ಎರಡು ದಿನವನ್ನು ‘ಶಿಕ್ಷಕರ ಓದಿನ ದಿನ’ ಎಂದು ಸುತ್ತೋಲೆಯಲ್ಲೇ ನಮೂದಿಸಿ. ಆ ಎರಡು ದಿನ ಯಾವ ಮಾಹಿತಿ ಕೇಳಬಾರದು, ಯಾವ ಸಭೆ ಕರೆಯಬಾರದು, ಫೋಟೊ ಕಳಿಸಿ ಎನ್ನಬಾರದು. ಶಾಲೆಯಲ್ಲಿ ಒಬ್ಬರೇ ಶಿಕ್ಷಕರಿದ್ದರೆ ಅವರು ಹತ್ತಿರದ ಶಾಲೆಯವರೊಡನೆ ಕೂರಲಿ. ಸ್ವಚ್ಛತೆ, ತೊಟ್ಟಿ, ದಾಸ್ತಾನು ಕೊಠಡಿಯ ಕೆಲಸವನ್ನು ಗ್ರಾಮ ಪಂಚಾಯಿತಿ ಮತ್ತು ಪೋಷಕರ ಶಾಲಾ ಸಮಿತಿಯಾದ ಎಸ್‌ಡಿಎಂಸಿ ನೆರವಿನಿಂದ ಅದಕ್ಕೂ ಮುಂಚೆ ಮುಗಿಸಲು ಸಾಧ್ಯವಿದೆ. ಎಷ್ಟೋ ಊರುಗಳಲ್ಲಿ ಜನ ಸಂತೋಷದಿಂದ ಕೈಜೋಡಿಸುತ್ತಾರೆ.

ಏನು ಓದಬೇಕು ಎಂದು ಬೆಂಗಳೂರಿನಿಂದ ಒಂದೇ ಪುಸ್ತಕ ಎಲ್ಲರಿಗೂ ಕಳಿಸಬೇಡಿ. ಭಾಷೆ, ಗಣಿತ, ಪರಿಸರ ಅಧ್ಯಯನ, ಮನೆಮಾತು ಬೇರೆಯಿರುವ ಮಕ್ಕಳು, ವಿಶೇಷ ಅಗತ್ಯವುಳ್ಳ ಮಕ್ಕಳು, ಹೀಗೆ ಹಲವು ವಿಷಯಗಳಲ್ಲಿ ಕನ್ನಡದಲ್ಲಿ ಲಭ್ಯವಿರುವ ಪುಸ್ತಕ, ಲೇಖನಗಳ ಪಟ್ಟಿಯನ್ನು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಶಿಕ್ಷಕರ ಜೊತೆ ಕೂತು ಮಾಡಲಿ. ಆಯ್ಕೆ ಶಾಲೆಗೆ ಬಿಡಿ. ಗ್ರಂಥಾಲಯ ಅನುದಾನದ ಒಂದು ಪಾಲನ್ನು ಶಿಕ್ಷಕರ ಓದಿಗೆಂದೇ ತೆಗೆದಿಡಲು ಅನುಮತಿ ಕೊಡಿ. ಇಂಗ್ಲಿಷ್‌ನಲ್ಲಿರುವ ಒಳ್ಳೆಯ ಬರಹ ಕನ್ನಡಕ್ಕೆ ಬರುವುದು ಬಹಳ ನಿಧಾನ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ 21 ವಿಷಯ ತಜ್ಞರ ಗುಂಪುಗಳು ಬರೆದ ವರದಿಗಳಲ್ಲಿ ಭಾರತೀಯ ಭಾಷೆಗಳ ಬೋಧನೆ ಮತ್ತು ಗಣಿತ ಬೋಧನೆಯ ವರದಿಗಳು ಪ್ರಾಥಮಿಕ ಶಿಕ್ಷಕರು ಓದಲೇಬೇಕಾದವು. ಅಂಥವು ತಿಳಿಯಾದ ಕನ್ನಡದಲ್ಲಿ, ಅಚ್ಚಾದ ಪ್ರತಿಯಾಗಿ, ಪ್ರತಿ ಕ್ಲಸ್ಟರ್‌ಗೂ ಬರಲಿ. ಅನುವಾದಿಸಿದವರು ತರಗತಿ ಬಲ್ಲವರಾಗಿರಲಿ. ಎರಡು ಸಲ ಓದಿದರೂ ಅರ್ಥವಾಗದ ಕನ್ನಡದಲ್ಲಿ ಬಂದ ಕೈಪಿಡಿಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಈ ಓದನ್ನು 50 ಗಂಟೆಯ ಲೆಕ್ಕಕ್ಕೆ ಸೇರಿಸಿ. ಆದರೆ ದಯವಿಟ್ಟು ಓದಿದ್ದಕ್ಕೆ ಪರೀಕ್ಷೆ ಇಡಬೇಡಿ, ಸಾರಾಂಶ ಬರೆದು ಅಪ್‌ಲೋಡ್ ಮಾಡಿ ಎನ್ನಬೇಡಿ. ಆ ಕ್ಷಣವೇ ಅದು ಇನ್ನೊಂದು ನಮೂನೆಯಾಗುತ್ತದೆ, ಸಾರಾಂಶ ಒಂದೇ ಇರುತ್ತದೆ, ಶಾಲೆಯ ಹೆಸರು ಮಾತ್ರ ಬದಲಾಗುತ್ತದೆ. ಓದಿದ್ದರಿಂದ ತರಗತಿಯಲ್ಲಿ ಏನು ಮಾಡಿ ನೋಡಿದಿರಿ ಎಂದು ಜುಲೈನ ಸಮಾಲೋಚನಾ ಸಭೆಯಲ್ಲಿ ಕೇಳಿದರೆ ಸಾಕು. ವರ್ಷದ ಉಳಿದ ಸಭೆಗಳಲ್ಲೂ ಮೊದಲ ಒಂದು ಗಂಟೆ ಓದಿಗೆ ಮೀಸಲಿರಲಿ, ಅಂಕಿ ಅಂಶ ಆಮೇಲೆ ಬರಲಿ.

ಅತಿಥಿ ಶಿಕ್ಷಕರನ್ನು ಮರೆಯಬೇಡಿ. ಅವರ ನೇಮಕ ತಡವಾದರೂ ಅವರು ಸೇರಿದ ವಾರದಲ್ಲೇ ಎರಡು ದಿನ ಅವರಿಗೂ ಸಿಗಲಿ. ಅವರಿಗೆ ಕೊಡುವ ಗೌರವಧನ ಎಷ್ಟು ಎಂಬುದು ತಮಗೆ ಗೊತ್ತು, ಅದರಲ್ಲಿ ಪುಸ್ತಕ ಕೊಳ್ಳಿ ಎಂದು ಹೇಳಲು ಯಾರಿಗೂ ಮನಸ್ಸಾಗದು.

ಇನ್ನೊಂದು ದಾರಿಯೂ ಇದೆ. 2020ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಶುರು ಮಾಡಿ ಹಳ್ಳಿಯ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಗಳಿಗೆ ಕರೆತಂದಿತು. ಆ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಶಾಲೆಗಿಂತ ಚೆಂದದ ಓದುವ ಕೋಣೆ ಅಲ್ಲಿದೆ. ಎರಡು ಇಲಾಖೆಗಳು ಮಾತಾಡಿಕೊಂಡರೆ ಅಲ್ಲಿ ಶಿಕ್ಷಕರ ಪುಸ್ತಕಗಳಿಗೆ ಒಂದು ಸಾಲು ಜಾಗ ಮಾಡಬಹುದು. ಅಂಗನವಾಡಿ ಕಾರ್ಯಕರ್ತೆಯರೂ ಅದನ್ನು ಬಳಸುತ್ತಾರೆ. ತಮ್ಮ ಟೀಚರ್ ಅಲ್ಲಿ ಕೂತು ಓದುವುದನ್ನು ಊರಿನ ಮಕ್ಕಳು ಕಂಡರೆ ಅದರಿಂದ ಒಳ್ಳೆಯದೇ ಆಗುತ್ತದೆ.

ಮುಂದಿನ ಶೈಕ್ಷಣಿಕ ವರ್ಷದ ಮಾರ್ಗದರ್ಶಿಯ ಕರಡು ಬೇಸಿಗೆ ರಜೆಗೆ ಮುಂಚೆಯೇ ತಮ್ಮ ಮೇಜಿನ ಮೇಲಿರುತ್ತದೆ. ಓದಿನ ದಿನಗಳು ಆ ಕರಡಿನಲ್ಲೇ ಸೇರಬೇಕು, ಜೂನ್‌ನಲ್ಲಿ ಸೇರಿಸಲು ಬರುವುದಿಲ್ಲ. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮೊದಲ ವರ್ಷ ಮಾಡಿ ನೋಡಿ. ನಮ್ಮ ಕ್ಲಸ್ಟರ್‌ನ ಕೆಲವು ಶಿಕ್ಷಕರು ಈಗಾಗಲೇ ಪುಸ್ತಕಗಳ ಒಂದು ಪಟ್ಟಿ ಮಾಡಿದ್ದೇವೆ, ಯಾವ ಅಧ್ಯಾಯ ಯಾವ ತರಗತಿಯವರಿಗೆ ಎಂದೂ ಗುರುತು ಹಾಕಿದ್ದೇವೆ. ಕೇಳಿದರೆ ಕಳಿಸಿಕೊಡುತ್ತೇವೆ, ಕರೆದರೆ ಬಂದು ಚರ್ಚಿಸುತ್ತೇವೆ. ತಮ್ಮಿಂದ ಲಿಖಿತ ಉತ್ತರದ ನಿರೀಕ್ಷೆಯಲ್ಲಿದ್ದೇನೆ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಸಹ ಶಿಕ್ಷಕಿ